ಬೈಸಿಕಲ್ಲಿಗೆ ರಸ್ತೆಯ ಹಕ್ಕು

ಬೈಸಿಕಲ್ ಏರಿ ಪೇಟೆಗೆ ಹೊರಟವನನ್ನು ಹಿಂದಿನಿಂದ ಬಂದ ಕಾರು ಹಾರನ್ ಬಾರಿಸಿ ಚರಂಡಿಯ ಅಂಚಿಗೆ ಸರಿಸುವುದುಂಟು. ರಸ್ತೆ ಮೋಟಾರಿನದು, ಸೈಕಲ್ಲಿನವನು ಅಲ್ಲಿ ಓಡಾಡುವುದು ಕಾರಿನವರ ದಾಕ್ಷಿಣ್ಯದಿಂದ ಎಂಬ ಭಾವನೆ ಇಬ್ಬರಲ್ಲಿಯೂ ಬೇರೂರಿಬಿಟ್ಟಿದೆ. ಕಾನೂನು ಹಾಗೆ ಹೇಳುವುದಿಲ್ಲ. ಸೈಕಲ್ಲಿಗೆ ರಸ್ತೆಯಲ್ಲಿ ಸ್ಥಾನ ದೊರೆತ ಬಗೆಯನ್ನು ತಿಳಿಯಬೇಕಾದರೆ ಮೊದಲು ಇಂಗ್ಲೆಂಡಿಗೆ ಹೋಗಬೇಕು.

ಅಲ್ಲಿ 1835ರಲ್ಲಿ ಹೆದ್ದಾರಿಗಳ ಕಾಯಿದೆಯೊಂದು ಬಂತು. ಕುದುರೆಯನ್ನಾಗಲಿ ಗಾಡಿಯನ್ನಾಗಲಿ ಜನರಿಗೆ ಅಪಾಯವಾಗುವಂತೆ ಯದ್ವಾತದ್ವಾ ಓಡಿಸುವುದು ಅದರ ಪ್ರಕಾರ ಅಪರಾಧ. ನಡೆದಾಡುವವರ ಪಕ್ಕದ ದಾರಿಯ ಮೇಲೆ ಗಾಡಿ ಹೊಡೆಯುವುದೂ ಅಪರಾಧ. ಪೆಡಲು ತುಳಿದು ನಡೆಸುವ ಸೈಕಲ್ಲು ಆಗಿನ್ನೂ ಬಳಕೆಗೆ ಬಂದಿರಲಿಲ್ಲವಾದ್ದರಿಂದ ಅದರ ಹೆಸರು ಆ ಕಾಯಿದೆಯಲ್ಲಿಲ್ಲ. 1870ರ ದಶಕದಲ್ಲಿ, ಆಳೆತ್ತರದ ಮುಂದಿನ ಚಕ್ರವುಳ್ಳ ಸೈಕಲ್ಲುಗಳು ಬೀದಿಗಿಳಿದಾಗ ತೊಡಕು ಹುಟ್ಟಿತು. ಇದು ಗಾಡಿಯೋ, ಆಟದ ಸಾಮಾನೋ?

1879ರಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮುಂದೆ ಬಂತು. ಟೇಲರ್ ಮತ್ತು ಗುಡ್ವಿನ್ ಮೊಕದ್ದಮೆ ಎಂದು ಅದಕ್ಕೆ ಹೆಸರು. ಅತಿ ವೇಗವಾಗಿ ಸೈಕಲ್ ತುಳಿದನೆಂದು ಒಬ್ಬನ ಮೇಲೆ ಆಪಾದನೆ. ಸೈಕಲ್ಲು ಗಾಡಿಯೇ ಅಲ್ಲ, ಆದ್ದರಿಂದ ಗಾಡಿಯ ಕಾಯಿದೆ ತನಗೆ ತಗಲದು ಎಂದು ಅವನ ಪರವಾಗಿ ವಾದ. ನ್ಯಾಯಾಧೀಶರು ಒಪ್ಪಲಿಲ್ಲ. ಮನುಷ್ಯನನ್ನು ಹೊತ್ತು ಸಾಗಿಸುವುದರಿಂದ ಅದೂ ಗಾಡಿಯೇ, ಕಾಯಿದೆ ಹುಟ್ಟಿದಾಗ ಅದು ಇರಲಿಲ್ಲವೆಂಬುದು ಅಡ್ಡಿಯಲ್ಲ ಎಂದರು. ಸವಾರ ಸೋತ; ಸವಾರರ ಪಂಗಡ ಗೆದ್ದಿತು! ಗಾಡಿಯೆಂದು ದಂಡ ಹಾಕಿದ ಮೇಲೆ ಗಾಡಿಗೆ ಸಲ್ಲುವ ರಸ್ತೆಯನ್ನು ಇಲ್ಲವೆನ್ನುವುದು ಹೇಗೆ?

ಅಷ್ಟಕ್ಕೇ ಮುಗಿಯಲಿಲ್ಲ. ಮರುವರ್ಷವೇ ಸುಂಕದಕಟ್ಟೆಯ ಮೊಕದ್ದಮೆಯೊಂದರಲ್ಲಿ, ಸುಂಕದ ಮಟ್ಟಿಗೆ ಸೈಕಲ್ಲು ಗಾಡಿಯಲ್ಲವೆಂದು ತೀರ್ಪಾಯಿತು. ಒಂದು ಕಟ್ಟಳೆಗೆ ಗಾಡಿ, ಇನ್ನೊಂದಕ್ಕೆ ಅಲ್ಲ! ಕಡೆಗೆ 1888ರಲ್ಲಿ ಪಾರ್ಲಿಮೆಂಟೇ ಸ್ಥಳೀಯ ಆಡಳಿತದ ಕಾಯಿದೆಯಲ್ಲಿ, ಹೆದ್ದಾರಿಗಳ ಕಾಯಿದೆಗಳ ಮಟ್ಟಿಗೆ ಬೈಸಿಕಲ್ಲುಗಳು ಗಾಡಿಗಳೇ ಎಂದು ಸಾರಿತು. ಜೊತೆಗೆ ಕತ್ತಲಲ್ಲಿ ದೀಪವಿರಬೇಕು, ಮುಂದಿರುವವರನ್ನು ದಾಟುವ ಮೊದಲು ಗಂಟೆ ಬಾರಿಸಿಯೋ ಬೇರೆ ರೀತಿಯಿಂದಲೋ ಎಚ್ಚರಿಸಬೇಕು ಎಂದು ವಿಧಿಸಿತು. ಹಕ್ಕೂ ಹೊಣೆಯೂ ಒಂದೇ ಕಲಮಿನಲ್ಲಿ ಬಂದವು.

ನಮ್ಮ ದೇಶದ ಕಾನೂನು ಬೇರೆ. ಫಲ ಮಾತ್ರ ಹತ್ತಿರದ್ದೇ. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಕಾರಿಗೆ ರಿಜಿಸ್ಟ್ರಿ ಬೇಕು, ಓಡಿಸುವವನಿಗೆ ಲೈಸೆನ್ಸ್ ಬೇಕು. ಲೈಸೆನ್ಸೆಂದರೆ ಸರ್ಕಾರ ಕೊಡುವ ಅನುಮತಿ. ತಪ್ಪು ಮಾಡಿದರೆ ಅದನ್ನು ಹಿಂದಕ್ಕೆ ಪಡೆಯಬಹುದು. ಕಾಲಿನಿಂದ ತುಳಿಯುವ ಸೈಕಲ್ಲಿಗೆ ಇವೆರಡೂ ಬೇಡ. ದಾಕ್ಷಿಣ್ಯದ ಮಾತು ಬಂದರೆ, ಅನುಮತಿ ಪಡೆದು ರಸ್ತೆಗಿಳಿದವರು ಕಾರಿನವರೇ ಹೊರತು ಸೈಕಲ್ಲಿನವರಲ್ಲ. ಹಿಂದೆ ಪುರಸಭೆಗಳು ಕೊಡುತ್ತಿದ್ದ ಲೋಹದ ಬಿಲ್ಲೆಯನ್ನು ಹಿರಿಯರು ನೆನೆಯಬಹುದು. ಅದು ತೆರಿಗೆ ಕಟ್ಟಿದ ಗುರುತು, ಸವಾರನ ಪರೀಕ್ಷೆಯ ಗುರುತಲ್ಲ.

ಆದರೂ ಈ ಹಕ್ಕು ಎಲ್ಲೆಡೆಯೂ ಅಬಾಧಿತವಲ್ಲ. ಬ್ರಿಟನ್ನಿನಲ್ಲಿ 1958ರಲ್ಲಿ ಮೊದಲ ಮೋಟಾರು ಹೆದ್ದಾರಿ ತೆರೆದಾಗ ಸೈಕಲ್ಲನ್ನು ಹೊರಗಿಟ್ಟರು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಮೋಟಾರಿಲ್ಲದ ವಾಹನಗಳನ್ನೂ, ಬೈಕು, ಆಟೋ, ಟ್ರಾಕ್ಟರುಗಳನ್ನೂ ನಿಷೇಧಿಸಲಾಯಿತು. ಅಲ್ಲಿ ಪಕ್ಕದಲ್ಲೇ ಸರ್ವೀಸ್ ರಸ್ತೆಯನ್ನು ಬಿಟ್ಟಿದ್ದರು. ಅದೇ 2013ರಲ್ಲಿ ಕೋಲ್ಕತ್ತದ ಪೊಲೀಸರು 170ಕ್ಕೂ ಹೆಚ್ಚು ಬೀದಿಗಳಲ್ಲಿ ಸೈಕಲ್ಲನ್ನು ತಡೆದುದನ್ನು ಈ ಸಾಲಿಗೆ ಸೇರಿಸಲಾಗದು. ಅವು ಊರೊಳಗಿನ ಬೀದಿಗಳು. ಹಾಲು ಹಾಕುವವನು, ಪತ್ರಿಕೆ ಹಂಚುವವನು ಮನೆಬಾಗಿಲು ಮುಟ್ಟಬೇಕಾದ್ದು ಅಂಥ ಬೀದಿಗಳಿಂದಲೇ. ಒಂದು ದಾರಿಯನ್ನು ಮುಚ್ಚುವ ಅಧಿಕಾರಿ, ಬದಲಿ ದಾರಿ ಯಾವುದೆಂದು ಅದೇ ಆಜ್ಞೆಯಲ್ಲಿ ತೋರಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.