ಬಲೆಯ ಕಣ್ಣು ಎಷ್ಟಿರಬೇಕು?

ತಿಂಥಣಿ ಸೇತುವೆಯ ಮೇಲೆ ಬಸ್ಸು ಸಾಗುವಾಗ ಕಿಟಕಿ ಪಕ್ಕದ ಹುಡುಗರೆಲ್ಲ ಕೆಳಗಿನ ಕೃಷ್ಣೆಯನ್ನು ಇಣುಕುತ್ತಾರೆ. ನೀರು, ಬಂಡೆ, ಒಂದೆರಡು ಹರಿಗೋಲು. ನೀರಿನೊಳಗಿನ ಲೆಕ್ಕ ಮೇಲಿನಿಂದ ಕಾಣದು. ಅದು ಗೊತ್ತಿರುವುದು ದಿನಾ ಬಲೆ ಬೀಸುವವನಿಗೆ. ಮೀನು ಉಳಿಸಲು ನಿಯಮ ಮಾಡುವಾಗ ಅವನನ್ನು ಕೇಳುವವರು ಯಾರು?

1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟು ಸುರಪುರ, ಶಹಾಪುರದ ಹೊಲಗಳಿಗೆ ನೀರು ತಂದಿತು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಮುಂಗಾರಿನ ಕೆಂಪು ನೀರು ಬಂದಾಗ ಹರಿವಿಗೆ ಎದುರಾಗಿ ಈಜುತ್ತವೆ. ದಾರಿಗೆ ಗೋಡೆ ಅಡ್ಡ ಬಂದರೆ ಅಲ್ಲಿಗೆ ಪಯಣ ಮುಗಿಯಿತು. ಎರಡು ಕಿಲೋ ತೂಕದ ತಾಯಿ ರೋಹುವಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮಿಕ್ಕಿ ಮೊಟ್ಟೆಗಳಿರುತ್ತವೆ. ಆ ವಾರವೇ ಅದು ಬಲೆಗೆ ಬಿದ್ದರೆ ಹೋದದ್ದು ಒಂದೇ ಮೀನಲ್ಲ.

1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಇಂಥ ಮೀನುಗಳಿಂದ ಮರಿ ಪಡೆದರು. ಇಂದು ಕೆರೆ, ಜಲಾಶಯಗಳಿಗೆ ಬಿಡುವ ಮರಿಗಳು ಆ ವಿದ್ಯೆಯ ಫಲ. ಬೆರಳುದ್ದದ ಮರಿ ಬಿಟ್ಟು ಮರುತಿಂಗಳೇ ಸಣ್ಣ ಕಣ್ಣಿನ ಬಲೆ ಹಾಕಿದರೆ ಬಿತ್ತಿದ ಜೋಳವನ್ನೇ ಕೆದಕಿ ತಿಂದಂತೆ.

ಕೇಳಿ ತಿಳಿಯುವ ಪದ್ಧತಿ ಹೊಸದೇನಲ್ಲ. ಫ್ರಾನ್ಸಿಸ್ ಡೇ ಎಂಬ ವೈದ್ಯ 1873ರಲ್ಲಿ ಭಾರತದ ಸಿಹಿನೀರಿನ ಮೀನುಗಾರಿಕೆ ಕುರಿತು ವರದಿ ಬರೆದಾಗ ತಹಸೀಲ್ದಾರರ ಅಭಿಪ್ರಾಯಗಳನ್ನೂ ಕಲೆಹಾಕಿದ್ದ. ತಹಸೀಲ್ದಾರರು ಎಂದಾದರೂ ಬಲೆ ಬೀಸಿದ್ದರೋ ಇಲ್ಲವೋ! 1897ರಲ್ಲಿ ಬಂದ ಮೀನುಗಾರಿಕಾ ಕಾಯಿದೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ಅಪರಾಧವೆಂದಿತು. ಬಲೆಯ ಕಣ್ಣಿನ ಅಳತೆ ಗೊತ್ತುಮಾಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಆದರೆ ನಿಯಮವನ್ನು ಮೊದಲು ಕರಡಾಗಿ ಪ್ರಕಟಿಸಬೇಕೆಂಬ ಷರತ್ತನ್ನೂ ಹಾಕಿತು. ಈಗ ನಮ್ಮ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಅಧಿನಿಯಮವಿದೆ. ಕರಡು ನಿಯಮಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ, ಸಲಹೆ ಕರೆಯುವ ರೂಢಿಯೂ ಇದೆ.

ಆದರೆ ಭೀಮಾ ದಂಡೆಯ ಗುಡಿಸಲಿಗೆ ರಾಜ್ಯಪತ್ರ ಬರುತ್ತದೆಯೇ? ಬಂದರೂ ಅದರ ಭಾಷೆ ಬಿಡಿಸುವವರು ಬೇಕು. ಆ ಕೆಲಸ ಹೈಸ್ಕೂಲು ಮಕ್ಕಳಿಂದ ಆಗುತ್ತದೆ. ಓದಿ ಹೇಳಿದರೆ ಅಜ್ಜ ಕೇಳುವ ಪ್ರಶ್ನೆಗಳು ಯಾವ ಅಧಿಕಾರಿಯ ಪ್ರಶ್ನೆಗೂ ಕಡಿಮೆಯಲ್ಲ. ಹೊಸ ನೀರು ತಡವಾಗಿ ಬಂದ ವರ್ಷ ತಡೆಯೂ ಮುಂದಕ್ಕೆ ಹೋಗಬೇಡವೇ? ದೊಡ್ಡ ಬಲೆಯವನಿಗೂ ಗಾಳದವನಿಗೂ ಒಂದೇ ನಿಯಮವೇ? ಬಲೆ ಒಣಗುವ ಎರಡು ತಿಂಗಳು ಒಲೆ ಹೊತ್ತಿಸುವುದು ಹೇಗೆ? ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಅಲ್ಲಿಯೂ ಇದೇ ಮಾತು. ನಿಷೇಧದ ದಿನಗಳಲ್ಲಿ ಬಡ ಮೀನುಗಾರ ಕುಟುಂಬಗಳಿಗೆ ನೆರವು ಕೊಡುವ ಅಂಶ 2020ರ ಮತ್ಸ್ಯ ಸಂಪದ ಯೋಜನೆಯಲ್ಲಿದೆ. ಅದಕ್ಕೆ ಅರ್ಜಿ ಬರೆಯುವುದೂ ಓದಿದ ಮಕ್ಕಳ ಪಾಲಿಗೇ ಬೀಳುತ್ತದೆ.

ಅಂದಹಾಗೆ, ಬಲೆಯ ಕಣ್ಣನ್ನು ಅಳೆಯುವುದು ಸುಲಭ. ಒಂದು ಕಣ್ಣನ್ನು ಉದ್ದಕ್ಕೆ ಜಗ್ಗಿ ಹಿಡಿದು, ಎದುರುಬದುರಿನ ಗಂಟುಗಳ ನಡುವೆ ಕಂಪಾಸು ಪೆಟ್ಟಿಗೆಯ ಸ್ಕೇಲ್ ಇಟ್ಟರಾಯಿತು. ಅಜ್ಜನ ಬಲೆಯನ್ನೇ ಅಳೆದು ಬರೆದಿಟ್ಟುಕೊಳ್ಳಿ. ಆಕ್ಷೇಪಣೆಯ ಅರ್ಜಿಯಲ್ಲಿ ಮೊದಲ ಸಾಲಿಗೆ ಆ ಅಂಕಿ ಬೇಕಾಗುತ್ತದೆ.