ಚಕ್ರಗಳ ಮೇಲಣ ಮನೆಯೂ ಮುಷ್ಕರ ಹೂಡುವ ರೌಟರೂ

ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹ ಇವೆಲ್ಲವನ್ನೂ ಒಳಗೊಂಡ ಪುಟ್ಟ ಮನೆಯನ್ನೇ ಮೋಟಾರು ಬಂಡಿಯ ಮೇಲೆ ಕಟ್ಟಿದರೆ ಅದಕ್ಕೆ ಮೋಟಾರ್‌ಹೋಮ್ ಎಂದು ಹೆಸರು. ಸ್ಕಾಟ್ಲೆಂಡಿನ ಉತ್ತರ ತೀರವನ್ನು ಬಳಸಿ ಹೋಗುವ ಸುಮಾರು 500 ಮೈಲಿಗಳ ಹಾದಿಗೆ 2015ರಲ್ಲಿ ‘ನಾರ್ತ್ ಕೋಸ್ಟ್ 500’ ಎಂದು ಹೆಸರಿಟ್ಟರು. ಇಂಥ ವಾಹನಗಳಿಗೆ ಅದು ಮೆಚ್ಚಿನ ಮಾರ್ಗ. ಅಲ್ಲಿ ಜನವಸತಿ ವಿರಳ, ಮೊಬೈಲ್ ಗೋಪುರಗಳು ದೂರ ದೂರ. ಬಿರುಗಾಳಿಯ ಮುನ್ಸೂಚನೆ, ಮುಂದಿನ ಬಿಡಾರದಲ್ಲಿ ಸ್ಥಳವಿದೆಯೇ ಎಂಬ ಸುದ್ದಿ, ಕೆಲವರಿಗೆ ಹೊಟ್ಟೆಪಾಡಿನ ಕೆಲಸ, ಎಲ್ಲವೂ ರೌಟರ್ ಎಂಬ ಒಂದು ಸಣ್ಣ ಪೆಟ್ಟಿಗೆಯ ಮೂಲಕವೇ ಬರಬೇಕು.

ಈ ಪೆಟ್ಟಿಗೆ ಒಂದು ಗಳಿಗೆ ದುಡಿದು ಮರುಗಳಿಗೆ ಮುಷ್ಕರ ಹೂಡಿದರೆ, ಯಜಮಾನನು ಹೊಸದೊಂದನ್ನು ಕೊಂಡು ತರುತ್ತಾನೆ. ಅನೇಕ ವೇಳೆ ಹೊಸದೂ ಹಳೆಯದರಂತೆಯೇ ವರ್ತಿಸುತ್ತದೆ. ಏಕೆಂದರೆ ದೋಷವು ಪೆಟ್ಟಿಗೆಯಲ್ಲಿರದೆ ಅದರ ಸುತ್ತಲಿನ ಪರಿಸ್ಥಿತಿಯಲ್ಲಿರುತ್ತದೆ.

ಸುದ್ದಿ ಸಂಚರಿಸುವ ಹಾದಿಗಳು ಎರಡು: ಕೈಯಲ್ಲಿರುವ ಫೋನಿನಿಂದ ರೌಟರಿಗೆ ಒಂದು, ರೌಟರಿನಿಂದ ಗೋಪುರಕ್ಕೆ ಇನ್ನೊಂದು. ಇವನ್ನು ಮೊದಲು ಬೇರ್ಪಡಿಸಬೇಕು. ಸಾಮಾನ್ಯವಾಗಿ ರೌಟರು ತನ್ನ ಸ್ಥಿತಿಯನ್ನು ತಿಳಿಸುವ ಪುಟವೊಂದನ್ನು ತನ್ನೊಳಗೇ ಇರಿಸಿಕೊಂಡಿರುತ್ತದೆ. ಅದನ್ನು ತೆರೆಯಲು ಅಂತರಜಾಲ ಬೇಕಿಲ್ಲ. ಸಂಪರ್ಕ ಕಡಿದಾಗಲೂ ಈ ಪುಟ ಥಟ್ಟನೆ ತೆರೆದುಕೊಂಡರೆ ಮೊದಲನೆಯ ಹಾದಿ ಸುಗಮವಾಗಿದೆಯೆಂದು ತಿಳಿಯಬಹುದು. ತೆರೆಯದಿದ್ದರೆ ರೌಟರಿನ ದೀಪಗಳನ್ನು ನೋಡಿರಿ. ಅವು ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ತೊಂದರೆ ವಿದ್ಯುತ್ತಿನದು.

ನೀರಿನ ನಲ್ಲಿ ತಿರುಗಿಸಿದಾಗಲೆಲ್ಲ ಅಂತರಜಾಲ ಕಡಿಯುತ್ತದೆ ಎಂದು ಯಾರಾದರೂ ಹೇಳಿದರೆ ನಗಬೇಡಿರಿ. ಓಮನ ನಿಯಮವನ್ನು ಕಲಿತವರು ಅದನ್ನು ಲೆಕ್ಕ ಮಾಡಿಯೇ ತೋರಿಸಬಹುದು. ವಾಹನದ ಬ್ಯಾಟರಿ 12 ವೋಲ್ಟಿನದು. ಅಲ್ಲಿಂದ 6 ಮೀಟರ್ ದೂರಕ್ಕೆ, 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗಳೆರಡು ನೀರಿನ ಪಂಪಿಗೂ ರೌಟರಿಗೂ ಒಟ್ಟಾಗಿ ಹೋಗಿವೆ ಎನ್ನೋಣ. ಹೋಗುವ ಬರುವ ತಂತಿ ಸೇರಿ 12 ಮೀಟರ್. ಅದರ ರೋಧ ಸುಮಾರು 0.14 ಓಮ್. ಪಂಪು 6 ಆಂಪಿಯರ್ ಎಳೆದರೆ ತಂತಿಯಲ್ಲೇ 0.8 ವೋಲ್ಟ್ ನಷ್ಟ. ಆದರೆ ನಿಂತಿದ್ದ ಮೋಟಾರು ತಿರುಗತೊಡಗುವ ಕ್ಷಣದಲ್ಲಿ ಇದರ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಮೂರು ಪಟ್ಟೆಂದರೂ ನಷ್ಟ 2.5 ವೋಲ್ಟ್. ಅರ್ಧ ಬಳಸಿದ ಬ್ಯಾಟರಿಯ 12.2 ವೋಲ್ಟಿನಲ್ಲಿ ಇಷ್ಟನ್ನು ಕಳೆದರೆ ರೌಟರಿಗೆ ಉಳಿಯುವುದು 10ಕ್ಕೂ ಕಡಿಮೆ. ಇದು ಸಾಲದ ರೌಟರ್ ಆರಿಹೋಗಿ, ಪುನಃ ಎಚ್ಚತ್ತು, ಗೋಪುರವನ್ನು ಹುಡುಕತೊಡಗುತ್ತದೆ. ಅಷ್ಟರಲ್ಲಿ ಪಾತ್ರೆ ತೊಳೆದು ಮುಗಿದಿರುತ್ತದೆ!

ಆದುದರಿಂದ ವೋಲ್ಟೇಜನ್ನು ಬ್ಯಾಟರಿಯ ಬಳಿಯಲ್ಲಲ್ಲ, ರೌಟರಿನ ತುದಿಯಲ್ಲಿ ಅಳೆಯಬೇಕು. ಕ್ಷಣಮಾತ್ರದ ಕುಸಿತವನ್ನು ಸಾಮಾನ್ಯ ಮಾಪಕವು ತೋರಿಸಲಾರದು. ಕನಿಷ್ಠ ಬೆಲೆಯನ್ನು ಹಿಡಿದಿಡುವ ಮಾಪಕ ಉತ್ತಮ. ಬ್ಯಾಟರಿಯಿಂದ ನೇರವಾಗಿ, ಫ್ಯೂಸಿನೊಡನೆ, ದಪ್ಪನೆಯ ಪ್ರತ್ಯೇಕ ತಂತಿಗಳನ್ನು ಎಳೆದರೆ ಈ ರೋಗ ವಾಸಿಯಾಗುತ್ತದೆ.

ದೀಪಗಳು ಆರದೆಯೇ ಸಂಪರ್ಕ ಕಡಿಯುತ್ತಿದ್ದರೆ ಎರಡನೆಯ ಹಾದಿಯನ್ನು ಪರೀಕ್ಷಿಸಬೇಕು. 1836ರಲ್ಲಿ ಮೈಕೇಲ್ ಫ್ಯಾರಡೆಯು ಹನ್ನೆರಡು ಅಡಿಯ ಘನಾಕೃತಿಯ ಕೋಣೆಯೊಂದನ್ನು ಕಟ್ಟಿ, ಅದಕ್ಕೆ ಲೋಹದ ಹೊದಿಕೆ ಹಾಕಿ, ಪ್ರಬಲವಾದ ವಿದ್ಯುದಾವೇಶವನ್ನು ಕೊಟ್ಟು, ತಾನೇ ಒಳಹೊಕ್ಕು ಪರೀಕ್ಷಿಸಿದನು. ಒಳಗೆ ವಿದ್ಯುತ್ತಿನ ಸುಳಿವೇ ಇರಲಿಲ್ಲ. ಉಕ್ಕಿನ ವ್ಯಾನನ್ನು ಮಾರ್ಪಡಿಸಿ ಮಾಡಿದ ಮೋಟಾರ್‌ಹೋಮ್ ಬಹುಮಟ್ಟಿಗೆ ಅಂಥದೇ ಕೋಣೆ. ಅಲ್ಯೂಮಿನಿಯಮ್ ಹೊದಿಕೆಯೂ ಅಷ್ಟೇ: 800 ಮೆಗಾಹರ್ಟ್ಸ್ ಆವೃತ್ತಿಯ ಅಲೆಯು ಅದರೊಳಗೆ ಮಿಲಿಮೀಟರಿನ ಸಾವಿರದ ಮೂರು ಪಾಲು ಇಳಿಯುವಷ್ಟರಲ್ಲೇ ಕುಗ್ಗಿಹೋಗುತ್ತದೆ. ಅಲೆಗಳಿಗೆ ಕಿಟಕಿಗಳೇ ಹೆಬ್ಬಾಗಿಲು. ಗಾಜಿನ ನಾರಿನ ಗೋಡೆಗಳಿರುವ ವಾಹನದಲ್ಲಿ ಈ ಕಷ್ಟ ಅಷ್ಟಿಲ್ಲ.

ಒಳಹೊಕ್ಕ ಅಲೆಗಳು ಲೋಹದ ಗೋಡೆಗಳಿಗೆ ಬಡಿದು ಪ್ರತಿಫಲಿಸಿ, ಕೆಲವೆಡೆ ಒಂದನ್ನೊಂದು ಬಲಪಡಿಸುತ್ತವೆ, ಕೆಲವೆಡೆ ಅಳಿಸುತ್ತವೆ. ಇವುಗಳ ತರಂಗದೂರ ಸುಮಾರು 37 ಸೆಂಟಿಮೀಟರ್. ಅದರ ಕಾಲುಭಾಗ, ಎಂದರೆ ಅಂಗೈಯಗಲ, ಸರಿಸಿದರೂ ಫಲ ಬದಲಾಗಬಹುದು. ಬೀರುವಿನಲ್ಲಿ ಅಡಗಿಸಿಟ್ಟ ರೌಟರನ್ನು ಕಿಟಕಿಯ ಬಳಿಗೆ ತಂದು ನೋಡುವುದಕ್ಕೆ ಕಾಸು ಖರ್ಚಿಲ್ಲ. ಚಾವಣಿಯ ಮೇಲೆ ಆಂಟೆನಾ ನೆಡುವುದು ಇನ್ನೂ ಮೇಲು, ಆದರೆ ಕೇಬಲು ಚಿಕ್ಕದಿರಲಿ. 2600 ಮೆಗಾಹರ್ಟ್ಸಿನಲ್ಲಿ ತೆಳುವಾದ ಕೇಬಲು ಮೀಟರಿಗೆ ಸುಮಾರು ಒಂದು ಡೆಸಿಬೆಲ್ ನುಂಗುತ್ತದೆ. 5 ಮೀಟರ್ ಹಾಕಿದರೆ ಸಾಮರ್ಥ್ಯದ ಮೂರನೆಯ ಒಂದು ಪಾಲೂ ರೌಟರಿಗೆ ತಲಪದು.

ಪರದೆಯ ಮೇಲಿನ ಕಡ್ಡಿಗಳನ್ನು ನಾನು ನಂಬುವುದಿಲ್ಲ. ರೌಟರಿನ ಪುಟದಲ್ಲಿರುವ ಅಂಕಿಗಳೇ ಲೇಸು. ಸಂಕೇತದ ಬಲ −80 ಎಂದಿದ್ದರೆ ಉತ್ತಮ, −110 ಎಂದಿದ್ದರೆ ದುರ್ಬಲ. ಇವೆರಡರ ನಡುವಣ 30 ಡೆಸಿಬೆಲ್ ಎಂದರೆ ಸಾವಿರ ಪಟ್ಟು ವ್ಯತ್ಯಾಸ. ಬಲದೊಡನೆ ಗುಣವನ್ನೂ ನೋಡಬೇಕು. ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರ ಸೊನ್ನೆಯ ಹತ್ತಿರವಿದ್ದರೆ, ಸಂತೆಯಲ್ಲಿ ಪಿಸುಮಾತು ಕೇಳಿದಂತೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿಸಲವೂ ಈ ಅಂಕಿಗಳನ್ನು ಗಂಟೆಯೊಡನೆ ಬರೆದಿಡಿರಿ.

ಗಂಟೆಯೇಕೆಂದರೆ, ಬಲ ಬದಲಾಗದೆ ವೇಗ ಮಾತ್ರ ಸಂಜೆ ಏಳಕ್ಕೆ ಇಳಿದು ಮಧ್ಯರಾತ್ರಿಗೆ ಮರಳುವುದುಂಟು. ಬಿಡಾರದಲ್ಲಿರುವ ಎಲ್ಲರೂ ಆ ಹೊತ್ತಿನಲ್ಲಿ ಒಂದೇ ಗೋಪುರವನ್ನು ಹಂಚಿಕೊಳ್ಳುತ್ತಿರುತ್ತಾರೆ. ಇದಕ್ಕೆ ವಾಹನದೊಳಗೆ ಮದ್ದಿಲ್ಲ. ಮರುದಿನದ ನಕ್ಷೆಗಳನ್ನೂ ಹವಾಮಾನ ವರದಿಯನ್ನೂ ಮುಂಜಾನೆಯೇ ಇಳಿಸಿಟ್ಟುಕೊಳ್ಳಬೇಕು.