ಮೂವರನ್ನು ಕಳಿಸಿದ ಸನ್ಯಾಸಿನಿ

ಜೇವರ್ಗಿಯ ಬ್ಯಾಂಕಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಕೌಂಟರಿನ ಮೇಲೆ ಮಸಿಯ ಡಬ್ಬಿ ಸದಾ ತೆರೆದೇ ಇರುತ್ತಿತ್ತು. ಖಾತೆ ತೆರೆಯಲು ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಎಡಗೈ ಹೆಬ್ಬೆರಳನ್ನೇ ಮುಂದೆ ಮಾಡುತ್ತಿದ್ದರು. ಮುಂದೆ ಮಂಗಳೂರಿಗೆ ವರ್ಗವಾಯಿತು. ಅಲ್ಲಿ ಬೀಡಿ ಕಟ್ಟುವ ಅಜ್ಜಿಯೂ ಪೆನ್ನು ಕೇಳಿ ಸಹಿ ಹಾಕುತ್ತಿದ್ದರು. ಒಂದೇ ರಾಜ್ಯದಲ್ಲಿ ಇಷ್ಟು ಅಂತರವೇಕೆ ಎಂದು ಸಹೋದ್ಯೋಗಿಯನ್ನು ಕೇಳಿದೆ. "ನಮ್ಮ ಅಜ್ಜಿಯೇ ಸಿಸ್ಟರುಗಳ ಶಾಲೆಗೆ ಹೋದವರು ಮಾರಾಯ್ರೆ!" ಎಂದರು.

ಯಾರು ಈ ಸಿಸ್ಟರುಗಳು? ಕೇಳಿ ಮಕ್ಕಳೇ. 1823ರಲ್ಲಿ ಈಗಿನ ಇಸ್ತಾಂಬುಲ್ ನಗರದಲ್ಲಿ ಸೋಫಿ ಲೀವ್ಸ್ ಎಂಬ ಹುಡುಗಿ ಹುಟ್ಟಿದಳು. ತಂದೆ ಇಂಗ್ಲೆಂಡಿನ ಪ್ರಾಟೆಸ್ಟಂಟ್ ಪಾದ್ರಿ. ಮಗಳು ದೊಡ್ಡವಳಾಗಿ, ಮನೆಯವರಿಗೆ ನೋವಾಗುತ್ತದೆಂದು ಗೊತ್ತಿದ್ದೂ ಕ್ಯಾಥೊಲಿಕ್ ಪಂಥ ಸೇರಿ ಸನ್ಯಾಸಿನಿಯಾದರು. ಅವರೇ ಮದರ್ ವೆರೋನಿಕಾ. 1862ರಲ್ಲಿ ಕೇರಳದ ಕಲ್ಲಿಕೋಟೆಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಹೇಳಿದರು.

ಪಾಠ ಹೇಳುವ ಹೆಂಗಸರಿಲ್ಲದೆ ಹೆಣ್ಣುಮಕ್ಕಳ ಶಾಲೆ ನಡೆಯದು, ಆ ಕಾಲದಲ್ಲಂತೂ ಇಲ್ಲವೇ ಇಲ್ಲ. ಆದ್ದರಿಂದ 1868ರಲ್ಲಿ ಫ್ರಾನ್ಸಿನ ಬಯೋನ್ ಎಂಬಲ್ಲಿ, ಭಾರತಕ್ಕೆ ಬಂದು ಕಲಿಸಬಲ್ಲ ಸನ್ಯಾಸಿನಿಯರನ್ನು ತಯಾರು ಮಾಡುವ ಮಠವೊಂದನ್ನು ಅವರು ಕಟ್ಟಿದರು. ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆ ಹುಟ್ಟಿದ್ದು ಹೀಗೆ. 1870ರ ನವೆಂಬರಿನಲ್ಲಿ ಮೂವರು ಸಿಸ್ಟರುಗಳು ಮಂಗಳೂರಿಗೆ ಬಂದಿಳಿದರು. ವೆರೋನಿಕಾ ಅವರಲ್ಲಿ ಇರಲಿಲ್ಲ. ಬಯೋನಿನ ಆ ಮಠವೂ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅವರು 1906ರಲ್ಲಿ ಫ್ರಾನ್ಸಿನಲ್ಲೇ ತೀರಿಕೊಂಡರು. ಆದರೆ ಮಂಗಳೂರಿಗೆ ಬಂದ ಮೂವರ ಕೆಲಸ ನಿಲ್ಲಲಿಲ್ಲ. ಸಂತ ಆನ್ನರ ಶಾಲೆ ಬೆಳೆಯಿತು. 1921ರಲ್ಲಿ ಮದರ್ ಅಲೋಶಿಯಾ ಅವರು ಸಂತ ಆಗ್ನೆಸ್ ಮಹಿಳಾ ಕಾಲೇಜು ತೆರೆದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜೂ ಇದೇ ಸಿಸ್ಟರುಗಳದು.

ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನವರೂ ಇತರರೂ ದುಡಿದಿದ್ದಾರೆ. ಎಲ್ಲವನ್ನೂ ಒಬ್ಬರ ಖಾತೆಗೇ ಜಮಾ ಮಾಡಿದರೆ ಲೆಕ್ಕ ತಪ್ಪುತ್ತದೆ. ಆದರೂ 2011ರ ಜನಗಣತಿ ನೋಡಿ: ಸಾಕ್ಷರ ಹೆಣ್ಣುಮಕ್ಕಳು ದಕ್ಷಿಣ ಕನ್ನಡದಲ್ಲಿ ನೂರಕ್ಕೆ 84, ನಮ್ಮ ಕಲಬುರಗಿ ಜಿಲ್ಲೆಯಲ್ಲಿ 55. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು.

ಆಳಂದ ತಾಲ್ಲೂಕಿನ ನಮ್ಮೂರಲ್ಲಿ ನನ್ನ ತಂಗಿ ಓದಿನಲ್ಲಿ ನನಗಿಂತ ಮುಂದಿದ್ದಳು. ನಾಲ್ಕನೆಯ ಇಯತ್ತೆ ಮುಗಿಯಿತು, ಮುಂದಿನ ಶಾಲೆ ಎರಡು ಹರದಾರಿ ದೂರ. "ಹೆಣ್ಣ ಹುಡುಗಿ ಅಷ್ಟು ದೂರ ಒಬ್ಬಾಕಿ ಹ್ಯಾಂಗ ಹೋಗ್ತಾಳ?" ಎಂದ ಅವ್ವನ ಮಾತಿಗೆ ಅಪ್ಪನೂ ಎದುರಾಡಲಿಲ್ಲ. ನಾನು ಬಿ.ಕಾಂ. ಮಾಡಿದೆ. ಅವಳು ಹತ್ತಿ ಬಿಡಿಸಲು ಹೋದಳು.

ಅವ್ವನ ಪ್ರಶ್ನೆ ತಪ್ಪಾಗಿರಲಿಲ್ಲ, ಉತ್ತರ ಕೊಡುವವರು ಇರಲಿಲ್ಲ, ಅಷ್ಟೇ. 2004ರಿಂದ ಕೇಂದ್ರ ಸರ್ಕಾರದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಬಂದಿವೆ. ಅಲ್ಲಿ ಊಟ, ವಸತಿ, ಪಾಠ ಎಲ್ಲವೂ ಒಂದೇ ಕಡೆ. ತಂಗಿಯ ಮೊಮ್ಮಗಳು ಅಂಥದೊಂದು ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ. ರಜೆ ಮುಗಿಸಿ ಹೊರಟಾಗ ತಂಗಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು ಬಸ್ಸಿಗೆ ಹತ್ತಿಸುತ್ತಾಳೆ. ಬಸ್ಸಿನ ಬೋರ್ಡನ್ನು ಮೊದಲು ತಾನೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾಳೆ, ಆಮೇಲೆ ಮೊಮ್ಮಗಳನ್ನು "ಸರಿ ಅದನೇನ?" ಎಂದು ಕೇಳುತ್ತಾಳೆ.